ಉಬುಂಟು ಹಾಕಿದ ಮೇಲೆ ವೈಫೈ ಕಾಣ್ತಿಲ್ವಾ?

ಹಳೇ ಲ್ಯಾಪ್‌ಟಾಪ್‌ಗೆ ಉಬುಂಟು (ವಿಂಡೋಸ್ ಥರದ್ದೇ ಒಂದು ಆಪರೇಟಿಂಗ್ ಸಿಸ್ಟಂ) ಹಾಕಿದ ಮೇಲೆ ವೈಫೈ ಗುರುತೇ ಮಾಯವಾಗಿದ್ದರೆ ಗಾಬರಿ ಬೇಡ. ವೈಫೈ ಚಿಪ್ ನಡೆಸುವ ತಂತ್ರಾಂಶವಾದ ಡ್ರೈವರ್ ಇಳಿಸೋಕೆ ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು. ಒಳ್ಳೇ ಫಜೀತಿ ಅಲ್ವಾ! ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ನೆಟ್ ಬರುತ್ತದೆ. ಆಮೇಲೆ ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’ ತೆರೆಯಿರಿ. ವೈಫೈ ಚಿಪ್ ಬ್ರಾಡ್‌ಕಾಮ್ ಕಂಪನಿಯದ್ದಾಗಿದ್ದರೆ ಅದರ ಡ್ರೈವರ್ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಆರಿಸಿಕೊಂಡು ಅಪ್ಲೈ ಒತ್ತಿ.

ನಾನು ಎಡವಿದ್ದು ಇದಾದ ಮೇಲೆ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಸುರಕ್ಷತಾ ವ್ಯವಸ್ಥೆ) ಆನ್ ಇದ್ದರೆ ಒಂದು ಪಾಸ್‌ವರ್ಡ್ ಇಡಲು ಕೇಳುತ್ತದೆ. ರೀಸ್ಟಾರ್ಟ್ ಆಗುವಾಗ ನೀಲಿ ಪರದೆ ಬರುತ್ತದೆ. ಅಲ್ಲಿ ‘ಎನ್‌ರೋಲ್ ಎಂಒಕೆ’ (ಡ್ರೈವರ್‌ನ ಸಹಿಯನ್ನು ನಂಬು ಎಂದು ಲ್ಯಾಪ್‌ಟಾಪ್‌ಗೆ ಹೇಳುವ ಆಯ್ಕೆ) ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಇಲ್ಲದಿದ್ದರೆ ಡ್ರೈವರ್ ಇದ್ದೂ ಕೆಲಸ ಮಾಡಲ್ಲ. ನಾನು ಸುಮ್ನೆ ‘ಕಂಟಿನ್ಯೂ’ ಒತ್ತಿ ಎರಡು ಸಂಜೆ ಒದ್ದಾಡಿದೆ.