ಸೈಕೋಪತಿ ಅಳೆಯುವುದು ಹೇಗೆ: ಮೊದಲು ಫೈಲ್, ಆಮೇಲೆ ಮಾತು

ಸೈಕೋಪತಿ, ಅಂದರೆ ಕನಿಕರ, ಪಶ್ಚಾತ್ತಾಪ ಇಲ್ಲದೆ ಇತರರನ್ನು ಬಳಸಿಕೊಳ್ಳುವ ಸ್ವಭಾವ. ಅದರ ಗುಣಗಳನ್ನು ಅಳೆಯಬೇಕಾದಾಗ ನಾನು ಆ ವ್ಯಕ್ತಿಯನ್ನು ಮೊದಲೇ ಭೇಟಿ ಮಾಡುವುದಿಲ್ಲ. ಫೈಲ್ ಓದುತ್ತೇನೆ. ಶಾಲೆಯ ದಾಖಲೆ, ಕೆಲಸ ಬಿಟ್ಟ ಕಾರಣ, ಪೊಲೀಸ್ ವರದಿ, ಮನೆಯವರ ಹೇಳಿಕೆ, ಸಿಕ್ಕಿದ್ದೆಲ್ಲ. ಈ ಗುಣ ಜಾಸ್ತಿ ಇರುವವರಲ್ಲಿ ಹಲವರು ಮಾತಿನಲ್ಲೇ ಮರುಳು ಮಾಡುತ್ತಾರೆ. ದಾಖಲೆ ಕೈಯಲ್ಲಿಲ್ಲದಿದ್ದರೆ ನಾವೂ ನಂಬಿಬಿಡುತ್ತೇವೆ, ಅಲ್ವಾ? ಅದಕ್ಕೇ ಬರೀ ಸಂದರ್ಶನ ನಂಬಿ ಅಂಕ ಹಾಕುವಂತಿಲ್ಲ.

ಹೆಚ್ಚಾಗಿ ಬಳಸುವುದು ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ರೂಪಿಸಿದ ಪಿಸಿಎಲ್-ಆರ್ ಅನ್ನೋ ಸೈಕೋಪತಿ ಗುಣಗಳ ಪಟ್ಟಿ. ಅದರಲ್ಲಿ 20 ಅಂಶಗಳು. ಪ್ರತಿಯೊಂದಕ್ಕೂ 0, 1 ಅಥವಾ 2 ಅಂಕ: ಆ ಗುಣ ಇಲ್ಲದಿದ್ದರೆ 0, ಸ್ಪಷ್ಟವಾಗಿ ಇದ್ದರೆ 2. ತರಬೇತಿ ಪಡೆದವರು ಮಾತ್ರ ಇದನ್ನು ಮುಟ್ಟಬೇಕು.

ಪಶ್ಚಾತ್ತಾಪದ ಅಂಶವನ್ನೇ ತಗೊಳ್ಳಿ. "ನಿಮಗೆ ಬೇಸರ ಇದೆಯಾ?" ಅಂತ ಕೇಳಬೇಡಿ. ಯಾರಾದರೂ ಹೌದು ಅಂತಾರೆ. "ಆಮೇಲೆ ಅವರ ಪರಿಸ್ಥಿತಿ ಏನಾಯ್ತು?" ಅಂತ ಕೇಳಿ, ಸುಮ್ನೆ ಕೇಳಿಸಿಕೊಳ್ಳಿ. ಉತ್ತರ ನೊಂದವರ ಬಗ್ಗೆ ಇದೆಯಾ, ಇಲ್ಲ ತನಗಾದ ಶಿಕ್ಷೆಯ ಸುತ್ತಲೇ ತಿರುಗುತ್ತಿದೆಯಾ? ಅರ್ಧ ಗಂಟೆ ಬಿಟ್ಟು ಅದೇ ಘಟನೆಗೆ ಮರಳಿ. ಕಥೆ ಬದಲಾದರೆ ಬರೆದುಕೊಳ್ಳಿ, ಫೈಲ್ ಜೊತೆ ತಾಳೆ ನೋಡಿ. ಒಂದೇ ಘಟನೆ ನೋಡಿ 2 ಹಾಕಬೇಡಿ. ಬದುಕಿನ ಬೇರೆ ಬೇರೆ ಕಡೆಗಳಲ್ಲಿ, ವರ್ಷಗಟ್ಟಲೆ ಅದೇ ನಡವಳಿಕೆ ಕಾಣಬೇಕು. ಮಾಹಿತಿ ಸಾಲದಿದ್ದರೆ ಆ ಅಂಶ ಬಿಡಿ, ಊಹಿಸಿ ತುಂಬಬೇಡಿ.

ಒಟ್ಟು 40ರಲ್ಲಿ 30 ಅಥವಾ ಹೆಚ್ಚು ಬಂದರೆ ಉತ್ತರ ಅಮೆರಿಕದಲ್ಲಿ ಸೈಕೋಪತಿ ಅನ್ನುತ್ತಾರೆ. ಯುರೋಪಿನಲ್ಲಿ ಹಲವರು 25ನ್ನೇ ಗಡಿ ಮಾಡಿಕೊಂಡಿದ್ದಾರೆ. 29ಕ್ಕೂ 30ಕ್ಕೂ ಮನುಷ್ಯ ಬದಲಾಗುವುದಿಲ್ಲ, ಆದರೆ ಆ ಅಂಕದ ಮೇಲೆ ಒಬ್ಬರು ಜೈಲಿನಿಂದ ಬಿಡುಗಡೆ ಆಗುವುದೇ ನಿಂತಿರಬಹುದು. ಹಾಗಾಗಿ ಇನ್ನೊಬ್ಬರಿಂದಲೂ ಬೇರೆಯಾಗಿ ಅಂಕ ಹಾಕಿಸಿ, ಎರಡರ ಸರಾಸರಿಯನ್ನೇ ವರದಿಯಲ್ಲಿ ಬರೆಯಿರಿ.