2018ರ ಲೆನೊವೊ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್, ಒಟ್ಟು ಖರ್ಚು 25 ಸಾವಿರ ಚಿಲ್ಲರೆ

‘ಹಳೇ ಥಿಂಕ್‌ಪ್ಯಾಡ್‌ಗೆ ಯಾಕೆ ದುಡ್ಡು ಸುರೀತೀಯಾ’ ಅಂದವರೇ ಈಗ ‘ನಮಗೂ ಒಂದು ನೋಡಿಕೊಡು ಮಾರಾಯ’ ಅನ್ನುತ್ತಿದ್ದಾರೆ. ಎಲ್ಲರಿಗೂ ಬೇರೆಬೇರೆ ಹೇಳುವ ಬದಲು ಇಲ್ಲೇ ಬರೆದಿಡುತ್ತೇನೆ.

ಟಿ480ರಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್, ಎರಡೂ ಬಿಚ್ಚಿ ಹಾಕುವಂಥವು. ಟಿ480ಎಸ್, ಟಿ490 ಎರಡರಲ್ಲೂ ಒಂದಷ್ಟು ರ‍್ಯಾಮ್ ಬೋರ್ಡಿಗೇ ಬೆಸುಗೆ, ಸ್ಲಾಟ್ ಒಂದೇ. ಬಾಲದ ‘ಎಸ್’ ನೋಡದೆ ಕೊಂಡು ಕೈಸುಟ್ಟುಕೊಂಡವರು ಬೇಕಾದಷ್ಟಿದ್ದಾರೆ. ಟಿ470 ಅಗ್ಗ ನಿಜ, ಆದರೆ ಅದರ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಐ5, 8 ಜಿಬಿಯದ್ದು 14 ಸಾವಿರದ ಆಸುಪಾಸಿಗೆ ಸಿಕ್ಕಿತು. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಆನ್ ಮಾಡಿ ಎಫ್1 ಒತ್ತಿ ಬಯಾಸ್ (ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್) ತೆರೆಯಿರಿ. ಆ ಸೆಟ್ಟಿಂಗ್‌ಗೆ ಬೀಗ ಹಾಕುವ ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿತೋ, ಮುಚ್ಚಿ ವಾಪಸ್ ಕೊಡಿ. ಬೋರ್ಡಿನ ಪುಟ್ಟ ಸಿಮಾಸ್ ಬ್ಯಾಟರಿ ತೆಗೆದರೆ ಅದು ಅಳಿಸುವುದಿಲ್ಲ. ಎರಡೂ ಯುಎಸ್‌ಬಿ-ಸಿ ಪೋರ್ಟ್‌ಗೆ ಚಾರ್ಜರ್ ಚುಚ್ಚಿ ಅಲ್ಲಾಡಿಸಿ ನೋಡಿ. ಪೋರ್ಟ್‌ಗಳು ಬೋರ್ಡಿಗೆ ಬೆಸೆದಿವೆ, ಈ ಮಾದರಿಯ ದೊಡ್ಡ ಕೊರತೆಯೇ ಅದು. ಸಿ ಪೋರ್ಟ್ ನಿಭಾಯಿಸುವ ಥಂಡರ್‌ಬೋಲ್ಟ್ ಫರ್ಮ್‌ವೇರ್ (ಚಿಪ್‌ನೊಳಗಿನ ಸಾಫ್ಟ್‌ವೇರ್) ಹಳೆಯದಿದ್ದರೆ ಮೊದಲ ದಿನವೇ ಅಪ್‌ಡೇಟ್ ಮಾಡಿ, ಇಲ್ಲದಿದ್ದರೆ ಒಂದು ದಿನ ಸಿ ಪೋರ್ಟ್ ಚಾರ್ಜ್ ತಗೊಳ್ಳುವುದೇ ನಿಂತೀತು.

ಇದಕ್ಕೆ ಒಳಗೊಂದು, ಹೊರಗೊಂದು ಬ್ಯಾಟರಿ. ಬಿಚ್ಚುವ ಮುಂಚೆ ಬಯಾಸ್‌ನಲ್ಲಿ ಒಳಬ್ಯಾಟರಿ ಡಿಸೇಬಲ್ ಮಾಡಿ, ಹೊರಗಿನದ್ದು ಕಳಚಿ. ತಳದ ಸ್ಕ್ರೂ ಸಡಿಲವಾಗುತ್ತವೆ, ಕೈಗೆ ಬರುವುದಿಲ್ಲ, ಎಳೆಯಬೇಡಿ. ತಳ ಎಬ್ಬಿಸಲು ಹಳೇ ಎಟಿಎಂ ಕಾರ್ಡ್ ಸಾಕು. ಸ್ಕ್ರೂಡ್ರೈವರ್ ತೂರಿಸಿದ್ದಕ್ಕೆ ನನ್ನದರ ಒಂದು ಕ್ಲಿಪ್ ಹೋಗಿದೆ, ಆ ಮೂಲೆ ಇಂದಿಗೂ ಕೂರುವುದಿಲ್ಲ.

ದುಡ್ಡು ದಂಡವಾದದ್ದು ಎಸ್‌ಎಸ್‌ಡಿಯಲ್ಲಿ, ಅಂದರೆ ಫೈಲ್ ಉಳಿಯುವ ಡ್ರೈವ್‌ನಲ್ಲಿ. ಬಂದದ್ದು ಎರಡೂವರೆ ಇಂಚಿನ ಸಾಟಾ (ಹಳೇ ಬಗೆಯ) ಡ್ರೈವ್ ಕೂರುವ ಬೇ. ವೇಗದ ಎನ್‌ವಿಎಂಇ ಡ್ರೈವ್ ಕೂರಿಸಲು ಅದರದ್ದೇ ಬ್ರಾಕೆಟ್ ಜೊತೆಗೆ ಅದರದ್ದೇ ಕೇಬಲ್ ಬೇಕು, ಸಾಟಾ ಕೇಬಲ್ ಆಗುವುದಿಲ್ಲ. ಕೇಬಲ್ ಇಲ್ಲದ ಬ್ರಾಕೆಟ್‌ಗೆ 900 ಹೋಯಿತು, ಸರಿಯಾದ ಸೆಟ್‌ಗೆ ಮತ್ತೆ 1,200. ಆ ಬೇಗೆ ಇರುವುದು ಎರಡೇ ಲೇನ್ (ಡೇಟಾ ಓಡುವ ದಾರಿ), ಆದ್ದರಿಂದ ದುಬಾರಿ ಡ್ರೈವ್ ವ್ಯರ್ಥ; ಮೂರು ಸಾವಿರ ಚಿಲ್ಲರೆಯ 512 ಜಿಬಿ ಹಾಕಿದೆ. ಇನ್ನೊಂದು 8 ಜಿಬಿ ರ‍್ಯಾಮ್‌ಗೆ ಆಗಿನ ದರ 1,800 ಇರಬೇಕು.

ಸುಮ್ಮನಿರಲಾರದೆ ಎಂಎಕ್ಸ್150 ಗ್ರಾಫಿಕ್ಸ್ ಚಿಪ್ ಇರುವ ಮಾದರಿಯ ಜೋಡಿ ಪೈಪ್‌ನ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಭಾಗ) ತಂದು ಕೂರಿಸಿದೆ, ಸಾವಿರದ ನೂರಕ್ಕೆ. ಗ್ರಾಫಿಕ್ಸ್ ಚಿಪ್ ಇಲ್ಲದ ಬೋರ್ಡಿಗೂ ಅದು ಕೂರುತ್ತದೆ. ಲೋಡ್‌ನಲ್ಲಿ ಎಂಟೊಂಬತ್ತು ಡಿಗ್ರಿ ಇಳಿಯಿತು. ಚಿಪ್ ಮೇಲೆ ಹಚ್ಚಿದ ಹೊಸ ಪೇಸ್ಟ್‌ನ ಪಾಲೂ ಅದರಲ್ಲಿದೆ, ಪೂರ್ತಿ ಪೈಪ್‌ನದ್ದೇ ಅಂತ ಕೊಚ್ಚಿಕೊಳ್ಳುವುದಿಲ್ಲ.

ಹೊರಬ್ಯಾಟರಿ 72 ವಾಟ್‌ಅವರ್‌ನದ್ದು, 3,500. ಇದರಲ್ಲಿ ನಕಲಿ ಹಾವಳಿ ಜಾಸ್ತಿ, ಲೇಬಲ್‌ನಲ್ಲಿ 72 ಅಂತಿದ್ದರೂ ಒಳಗೆ ಅಷ್ಟಿರುವುದಿಲ್ಲ. ಹಾಕಿದ ಕೂಡಲೇ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು ಫುಲ್ ಚಾರ್ಜ್ ಕೆಪಾಸಿಟಿ ನೋಡಿ. ಒಳಗೆ ಇನ್ನೊಂದು 24ರದ್ದು ಇರುವುದರಿಂದ ಕೆಲಸ ನಡೆಯುತ್ತಿರುವಾಗಲೇ, ಫೈಲ್ ಮುಚ್ಚದೆ, ಹೊರಗಿನದ್ದು ಬದಲಿಸಬಹುದು.