ಪ್ಯಾನೆಲ್ ಹಿಂದೆ ಮುಕ್ಕಾಲು ಮೀಟರ್

ಆರ್ಕಿಟೆಕ್ಟ್‌ಗಳ ಜೊತೆ ನನ್ನ ಜಗಳ ಇಷ್ಟು ವರ್ಷದಿಂದ ಒಂದೇ ವಿಷಯಕ್ಕೆ. ಜಾಗ. ಅವರಿಗೆ ಇನ್ನೊಂದು ಕಾರ್ ಪಾರ್ಕಿಂಗ್ ಬೇಕು. ನಾನು ಕಟ್ಟಡಗಳ ಎಲೆಕ್ಟ್ರಿಕಲ್ ಡಿಸೈನ್ ಮಾಡುವವಳು, ನನಗೆ ಪ್ಯಾನೆಲ್ ಹಿಂದೆ, ಅಂದರೆ ಇಡೀ ಕಟ್ಟಡಕ್ಕೆ ಕರೆಂಟ್ ಹಂಚುವ ದೊಡ್ಡ ಸ್ವಿಚ್‌ಬೋರ್ಡಿನ ಹಿಂದೆ, ಮುಕ್ಕಾಲು ಮೀಟರ್ ಬೇಕು. "ಅಲ್ಲಿಗೆ ಯಾರು ಹೋಗ್ತಾರೆ ಮೇಡಂ?" ಅಂತ ಕೇಳುತ್ತಾರೆ. ನಮ್ಮ ಚಿಕ್ಕಪ್ಪ ಹೋಗ್ತಾರೆ ಸರ್ ಅಂತ ಬಾಯಿಗೆ ಬಂದಿರುತ್ತದೆ. ಹೇಳುವುದಿಲ್ಲ, ನಿಯಮದ ನಂಬರ್ ಹೇಳುತ್ತೇನೆ.

ನಮ್ಮೂರು ತಿಪಟೂರು ಕಡೆ. ಚಿಕ್ಕಪ್ಪ ವೈರ್‌ಮನ್. ಮನೆ ವೈರಿಂಗ್, ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್, ಕೊಬ್ಬರಿ ಮಂಡಿಯ ಮೀಟರ್ ಬೋರ್ಡ್, ಎಲ್ಲದಕ್ಕೂ ಅವರನ್ನೇ ಕರೆಯುತ್ತಿದ್ದರು. ಬೇಸಿಗೆ ರಜೆ ಬಂತೆಂದರೆ ಅವರ ಸೈಕಲ್ಲಿನ ಕ್ಯಾರಿಯರ್ ಮೇಲೆ ನಾನು. ಏಣಿ ಹಿಡಿಯುವುದು, ಟಾರ್ಚ್ ಬಿಡುವುದು, ಬ್ಯಾಟನ್ ಹೊಡೆಯುವಾಗ ಮೊಳೆ ಎತ್ತಿ ಕೊಡುವುದು ನನ್ನ ಕೆಲಸ. ಅವರು ಮೊದಲು ಕಲಿಸಿದ್ದು ಸ್ವಿಚ್ಚನ್ನು ನಂಬಬಾರದು ಅಂತ. ಹಳೇ ಮನೆಗಳಲ್ಲಿ ಯಾರೋ ಪುಣ್ಯಾತ್ಮರು ಸ್ವಿಚ್ಚನ್ನು ಕರೆಂಟ್ ತರುವ ಫೇಸ್ ವೈರಿನ ಬದಲು ಅದು ವಾಪಸ್ ಹೋಗುವ ನ್ಯೂಟ್ರಲ್‌ಗೆ ಹಾಕಿರುತ್ತಾರೆ. ಆಫ್ ಮಾಡಿದರೆ ಬಲ್ಬ್ ಆರುತ್ತದೆ. ಹೋಲ್ಡರ್‌ನಲ್ಲಿ ಮಾತ್ರ ಕರೆಂಟ್ ಹಾಗೇ ಕೂತಿರುತ್ತದೆ. "ಕಣ್ಣಿಗೆ ಕತ್ತಲೆ ಕಂಡ್ರೆ ಕೈಗೂ ಕತ್ತಲೆ ಅಂತ ಅಲ್ಲ ಪುಟ್ಟಿ, ಟೆಸ್ಟರ್ ಇಡು" ಅನ್ನೋರು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಎಣ್ಣೆ ಮಿಲ್ಲಿನಲ್ಲಿ ಅವರಿಗೆ ಶಾಕ್ ಹೊಡೆಯಿತು. ಅಲ್ಲಿ ಮೇನ್ ಬೋರ್ಡಿನ ಹಿಂದೆ ಗೋಡೆಗೂ ಬೋರ್ಡಿಗೂ ಒಂದೂವರೆ ಅಡಿ ಸಂದು. ತೂರಿಕೊಂಡು ಒಳಗೆ ಹೋಗಬಹುದು, ತಿರುಗಲು ಆಗುವುದಿಲ್ಲ. ಹಿಂದೆ ಸರಿಯುವಾಗ ಮೊಣಕೈ ಹೋಗಿ, ಮುಚ್ಚಳವಿಲ್ಲದೆ ಕಾಣುತ್ತಿದ್ದ ಲಿಂಕಿಗೆ, ಅಂದರೆ ಕರೆಂಟ್ ಹರಿಯುವ ಬರಿ ಲೋಹದ ಪಟ್ಟಿಗೆ, ತಾಗಿತು. ಬೇರೆ ಕಡೆಯಾಗಿದ್ದರೆ ಕಿತ್ತುಕೊಂಡು ಬೀಳುತ್ತಿದ್ದರೋ ಏನೋ. ಇಲ್ಲಿ ಬೀಳುವುದಕ್ಕೂ ಜಾಗವಿಲ್ಲ, ಬೆನ್ನಿಗೆ ಗೋಡೆ. ಜೊತೆಗಿದ್ದ ಹುಡುಗ ಮೇನ್ ಹಿಡಿ ಎಳೆದ, ಉಳಿದರು. ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

ಅದನ್ನು ನೋಡಿಯೇ ನಾನು ಎಲೆಕ್ಟ್ರಿಕಲ್ ತಗೊಂಡೆ ಅಂತ ಹೇಳಿದರೆ ಕಥೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಕಂಪ್ಯೂಟರ್ ಸೈನ್ಸ್ ಸೀಟು ಸಿಗಲಿಲ್ಲ. ಎಸ್‌ಎಸ್‌ಎಲ್‌ಸಿ ಆದಮೇಲೆ ಡಿಪ್ಲೊಮಾ, ಆಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ಸೀದಾ ಬಿಇ ಎರಡನೇ ವರ್ಷಕ್ಕೆ. ಕಾಲೇಜಿನಲ್ಲಿ ಮೆಷಿನ್ಸ್ ಲ್ಯಾಬ್ ಇತ್ತು, ಪವರ್ ಸಿಸ್ಟಮ್ ಇತ್ತು, ಹೈ ವೋಲ್ಟೇಜ್ ಇತ್ತು. ಕಟ್ಟಡ ಅನ್ನುವುದು ಮಾತ್ರ ಎಸ್ಟಿಮೇಷನ್ ಪೇಪರಿನ ಒಂದೆರಡು ಪಾಠದಲ್ಲಿ ಬಂದು ಹೋಯಿತು. ಕ್ಯಾಂಪಸ್‌ಗೆ ಬಂದ ಸಾಫ್ಟ್‌ವೇರ್ ಕಂಪನಿಗಳಿಗೆ ಕ್ಲಾಸಿನ ಮುಕ್ಕಾಲು ಪಾಲು ಹೋದರು. 2009ರಲ್ಲಿ ನಾನು ಪೀಣ್ಯದ ಒಂದು ಪ್ಯಾನೆಲ್ ಫ್ಯಾಕ್ಟರಿಗೆ ಹೋದೆ. ಸಂಬಳ ಅವರದ್ದರಲ್ಲಿ ಅರ್ಧ ಇರಲಿಲ್ಲ.

ಆ ಒಂದು ವರ್ಷ ಕಲಿತದ್ದು ಬಿಇಯ ಮೂರು ವರ್ಷದ ಓದಿಗಿಂತ ಜಾಸ್ತಿ. ಡ್ರಾಯಿಂಗ್‌ನಲ್ಲಿ ಕೇಬಲ್ ಅಂದರೆ ಒಂದು ಗೆರೆ. ಅಲ್ಲಿ ಅದು ತೋಳಿನಷ್ಟು ದಪ್ಪದ, ಮೂರೂವರೆ ಕೋರ್ (ಮೂರು ದಪ್ಪ ತಂತಿ, ಜೊತೆಗೊಂದು ಸಣ್ಣದು) 300 ಚದರ ಮಿಲಿಮೀಟರಿನ ಪ್ರಾಣಿ. ಅದು ಗೆರೆಯ ಹಾಗೆ 90 ಡಿಗ್ರಿ ತಿರುಗುವುದಿಲ್ಲ. ಆರ್ಮರ್ಡ್, ಅಂದರೆ ಲೋಹದ ಕವಚ ಇರುವ ಕೇಬಲ್ ಬಗ್ಗಿಸಬೇಕಾದರೆ ಅದರ ವ್ಯಾಸದ ಸುಮಾರು 12 ಪಟ್ಟು ತ್ರಿಜ್ಯ ಬಿಡಬೇಕು. ಅಂದರೆ ಪ್ಯಾನೆಲ್ ಕೆಳಗೆ, ಪಕ್ಕದಲ್ಲಿ, ಅದು ಉಸಿರಾಡಲು ಜಾಗ ಬೇಕು. ಅಲ್ಲಿನ ಫಿಟ್ಟರ್ ಒಬ್ಬರು ನನ್ನ ಮೊದಲ ಡ್ರಾಯಿಂಗ್ ನೋಡಿ, "ಇದನ್ನ ಯಾರು ಟೈಟ್ ಮಾಡೋದಮ್ಮ, ಇಲಿನಾ?" ಅಂದರು. ಬೋಲ್ಟ್ ಇತ್ತು, ಸ್ಪ್ಯಾನರ್ ತಿರುಗಿಸಲು ಕೈಗೆ ದಾರಿ ಇರಲಿಲ್ಲ.

2010ರ ಜೂನ್‌ನಲ್ಲಿ ಜಯನಗರದ ಒಂದು ಕನ್ಸಲ್ಟೆನ್ಸಿ ಸೇರಿದೆ. ಕಟ್ಟಡಗಳ ಎಲೆಕ್ಟ್ರಿಕಲ್ ಡಿಸೈನ್ ಅವರ ಕೆಲಸ. ಅದೇ ವರ್ಷ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ತೀರಿಕೊಂಡಿದ್ದರು. ಹೊಗೆ ತಡೆಯಲಾರದೆ ಕೆಲವರು ಮೇಲಿಂದ ಜಿಗಿದಿದ್ದರು. ನಾನು ಸೇರುವ ಹೊತ್ತಿಗೂ ಆಫೀಸಿನಲ್ಲಿ ಊಟದ ಹೊತ್ತಿನ ಮಾತು ಅದೇ. ನಮ್ಮ ಬಾಸ್ ಒಂದು ದಿನ ಕಟ್ಟಡದ ಸೆಕ್ಷನ್ ಡ್ರಾಯಿಂಗ್ ಹರಡಿ, ಕೆಳಗಿನಿಂದ ಮೇಲಿನ ಮಹಡಿವರೆಗೂ ಹೋಗುವ ಎಲೆಕ್ಟ್ರಿಕಲ್ ಶಾಫ್ಟ್ ಮೇಲೆ ಪೆನ್ಸಿಲ್ ಎಳೆದರು. "ಇದೇನು?" ಅಂದರು. "ಕೇಬಲ್ ಹೋಗೋ ಶಾಫ್ಟ್ ಸರ್" ಅಂದೆ. "ಅಲ್ಲ. ಪ್ರತಿ ಮಹಡೀಲೂ ತೂತು ಮುಚ್ಚದಿದ್ದರೆ ಇದು ಚಿಮಣಿ."

ಅವತ್ತಿನಿಂದ ಶಾಫ್ಟ್‌ನ ಫೈರ್ ಸೀಲ್ ನನ್ನ ಹಟಗಳಲ್ಲಿ ಒಂದಾಯಿತು. ಕೇಬಲ್ ಸ್ಲ್ಯಾಬ್ ದಾಟುವ ಪ್ರತಿ ಕಡೆ, ಸುತ್ತಲಿನ ಸಂದನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕು. ದೊಡ್ಡ ಖರ್ಚೇನಲ್ಲ. ಆದರೆ ಬಾಗಿಲ ಹಿಂದೆ ಇರುವುದರಿಂದ ಮನೆ ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ. ಬಜೆಟ್ ಮೀರಿದಾಗ ಬಿಲ್ಡರ್ ಮೊದಲು ಕೈ ಹಾಕುವುದು ಇಂಥದ್ದಕ್ಕೇ. ಲಾಬಿಯ ಶಾಂಡೆಲಿಯರ್‌ಗೆ ಯಾವತ್ತೂ ಕತ್ತರಿ ಬಿದ್ದದ್ದು ನಾನು ನೋಡಿಲ್ಲ! ಈಗ ನಾನು ಅದನ್ನು ಕೇಬಲ್ ಕೆಲಸದ ರೇಟಿನ ಒಳಗೇ ಸೇರಿಸಿ ಬರೆಯುತ್ತೇನೆ. ಬೇರೆ ಐಟಂ ಆಗಿ ಕಂಡರೆ ತಾನೇ ಕಿತ್ತುಹಾಕುವುದು.

ಅದೇ ಬಾಸ್ ಇನ್ನೊಂದು ದಿನ ಹಾಳೆ ಹಳದಿಯಾದ ಒಂದು ಪುಸ್ತಕ ಕೊಟ್ಟರು. 1956ರ ಭಾರತೀಯ ವಿದ್ಯುತ್ ನಿಯಮಗಳು. ಕಾದಂಬರಿ ತರ ಓದು ಅಂದರು. ಕಾದಂಬರಿ ಖಂಡಿತ ಅಲ್ಲ, ನಿದ್ದೆ ಬರುತ್ತಿತ್ತು. 51ನೇ ನಿಯಮಕ್ಕೆ ಬಂದಾಗ ಎದ್ದು ಕೂತೆ. ಸ್ವಿಚ್‌ಬೋರ್ಡಿನ ಮುಂದೆ ಕನಿಷ್ಠ 1 ಮೀಟರ್ ಜಾಗ ಇರಬೇಕು. ಹಿಂದೆ ಮುಚ್ಚದ ಸಂಪರ್ಕಗಳಿದ್ದರೆ ಅಲ್ಲಿನ ಜಾಗ ಒಂದೋ 20 ಸೆಂಟಿಮೀಟರಿಗಿಂತ ಕಡಿಮೆ, ಇಲ್ಲವೇ 75 ಸೆಂಟಿಮೀಟರಿಗಿಂತ ಜಾಸ್ತಿ ಇರಬೇಕು. ನಡುವಿನ ಯಾವ ಅಳತೆಯೂ ಕೂಡದು.

ಮೊದಲು ಇದೆಂಥ ವಿಚಿತ್ರ ಅನಿಸಿತು. ಆಮೇಲೆ ಎಣ್ಣೆ ಮಿಲ್ಲಿನ ಒಂದೂವರೆ ಅಡಿಯನ್ನು ಸೆಂಟಿಮೀಟರಿಗೆ ಹಾಕಿದೆ. 45. ಸರಿಯಾಗಿ ಕೂಡದ ಜಾಗದಲ್ಲೇ ಬಂತು. 20ಕ್ಕಿಂತ ಕಡಿಮೆಯಾದರೆ ಮನುಷ್ಯ ತೂರಲಾರ. 75ಕ್ಕಿಂತ ಜಾಸ್ತಿಯಾದರೆ ನಿಂತು, ತಿರುಗಿ, ಹೊರಗೆ ಬರಬಲ್ಲ. ನಡುವಿನದ್ದೇ ಬಲೆ. ನಾನು ಹುಟ್ಟುವ ಎಷ್ಟೋ ಮೊದಲೇ ಯಾರೋ ಇದನ್ನು ಯೋಚನೆ ಮಾಡಿ ಬರೆದಿಟ್ಟಿದ್ದರು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಹೊಸ ಸುರಕ್ಷತಾ ನಿಯಮಗಳು ಬಂದಾಗಲೂ ಅದೇ ಅಳತೆ ಉಳಿಯಿತು. ಇದ್ದರೆ ಈ ಕೆಲಸದಲ್ಲೇ ಇರಬೇಕು ಅಂತ ನನಗೆ ಗಟ್ಟಿಯಾಗಿ ಅನಿಸಿದ್ದು ಆ ಸಂಜೆ. ಸಾಫ್ಟ್‌ವೇರಿಗೆ ಹಾರಲು ಜಾವಾ ಕ್ಲಾಸಿಗೆ ಕಟ್ಟಿದ್ದ ದುಡ್ಡು ವಾಪಸ್ ಬರಲಿಲ್ಲ, ಆ ಮಾತು ಬೇರೆ.

ಹಾಗಂತ ನಾನೇನು ಶುರುವಿನಿಂದಲೇ ಜಾಣೆ ಅಲ್ಲ. ನನ್ನ ಮೊದಲ ಅಪಾರ್ಟ್‌ಮೆಂಟಿನಲ್ಲಿ ಒಂದು ಸಾಲಿನ ಅಷ್ಟೂ ಫ್ಲ್ಯಾಟ್‌ಗಳ ಮಲಗುವ ಕೋಣೆಯ ಸ್ವಿಚ್‌ಬೋರ್ಡ್ ಬಾಗಿಲ ಹಿಂದೆ ಹೋಯಿತು. ಆರ್ಕಿಟೆಕ್ಟ್ ಬಾಗಿಲು ತೆರೆಯುವ ದಿಕ್ಕು ಬದಲಿಸಿ ಹೊಸ ಡ್ರಾಯಿಂಗ್ ಕಳಿಸಿದ್ದರು. ನಾನು ಹಳೆಯದರ ಮೇಲೇ ಕೆಲಸ ಮಾಡುತ್ತಿದ್ದೆ. ಗೊತ್ತಾಗುವ ಹೊತ್ತಿಗೆ ಗೋಡೆ ಕೊರೆದು ಬಾಕ್ಸ್ ಕೂರಿಸಿ ಆಗಿತ್ತು. ಎಲ್ಲ ಕಿತ್ತು ಮತ್ತೆ ಮಾಡಿಸಿದೆವು. ಸೈಟಿನ ಎಲೆಕ್ಟ್ರಿಷಿಯನ್‌ಗೆ ಕೆಲಸದ ವೇಳೆಯೇ ಅನುಮಾನ ಬಂದಿತ್ತಂತೆ. "ಡ್ರಾಯಿಂಗ್‌ನಲ್ಲಿ ಹಂಗೇ ಇತ್ತು ಮೇಡಂ" ಅಂದ. ಅವನು ನನಗೆ ಫೋನ್ ಮಾಡಬಹುದು ಅನ್ನುವ ಧೈರ್ಯ ಅವನಿಗೆ ಇರಲಿಲ್ಲ. ಅದು ನನಗೆ ಬಾಗಿಲಿಗಿಂತ ಜಾಸ್ತಿ ಚುಚ್ಚಿತು. ಈಗ ಪ್ರತಿ ಡ್ರಾಯಿಂಗಿನ ಮೂಲೆಯಲ್ಲಿ ನನ್ನ ಮೊಬೈಲ್ ನಂಬರ್ ಇರುತ್ತದೆ. ಭಾನುವಾರವೂ ಫೋನ್ ಬರುತ್ತದೆ, ಏನು ಮಾಡೋದು.

ಹೊರಗಿನವರಿಗೆ ನಮ್ಮ ಕೆಲಸ ಅಂದರೆ ಲೈಟ್ ಪಾಯಿಂಟ್ ಗುರುತು ಮಾಡುವುದು. ಅಸಲಿ ತಲೆನೋವು ಲೋಡ್ ಲೆಕ್ಕ. 60 ಫ್ಲ್ಯಾಟ್, ಒಂದೊಂದಕ್ಕೆ 10 ಕಿಲೋವ್ಯಾಟ್ ಅಂದರೆ ಒಟ್ಟು 600. ಆದರೆ ಎಲ್ಲರೂ ಎಲ್ಲವನ್ನೂ ಒಂದೇ ಸಲ ಹಾಕುವುದಿಲ್ಲ. ಹಾಗಾಗಿ ಡೈವರ್ಸಿಟಿ ಅಂತ ಒಂದು ಅಂಕಿಯಿಂದ ಗುಣಿಸುತ್ತೇವೆ. ಅರ್ಧ ಅಂದುಕೊಂಡರೆ 300. ಆ ಅಂಕಿಯನ್ನು ಎಲ್ಲರೂ ಹಳೇ ಪ್ರಾಜೆಕ್ಟಿನಿಂದ ಎತ್ತಿ ಹಾಕುತ್ತಾರೆ. ನಾನೂ ಹಾಕುತ್ತಿದ್ದೆ. ಒಂದು ಆಷಾಢದಲ್ಲಿ, ನಾವೇ ಡಿಸೈನ್ ಮಾಡಿ ಜನ ಬಂದು ಸೇರಿದ್ದ ಕಟ್ಟಡಕ್ಕೆ ಬೆಳಗಿನ ಜಾವವೇ ಹೋಗಿ, ಮೇನ್ ಪ್ಯಾನೆಲ್ ಮೀಟರ್ ಮುಂದೆ ಕುರ್ಚಿ ಹಾಕಿ ಕೂತೆ. ಕಾಲು ಗಂಟೆಗೊಮ್ಮೆ ಬರೆದುಕೊಂಡೆ. ಏಳು ಗಂಟೆ ಸುಮಾರಿಗೆ ಮುಳ್ಳು ಏರಿತು. ಬೆಂಗಳೂರಿನಲ್ಲಿ ಎಸಿಗೆ ಹೆದರಬೇಕಾಗಿಲ್ಲ, ಗೀಸರಿಗೆ ಹೆದರಬೇಕು. ಸ್ಕೂಲ್ ಬಸ್, ಆಫೀಸ್ ಕ್ಯಾಬ್, ಎಲ್ಲರಿಗೂ ಸ್ನಾನ ಅದೇ ಹೊತ್ತಿಗೆ. ಬಿಸಿಲಿರುವ ದಿನ ಮೇಲಿನ ಮಹಡಿಗಳಿಗೆ ಸೋಲಾರ್ ನೀರು ಬರುತ್ತದೆ. ಮೋಡ ಮುಚ್ಚಿದ ವಾರ ಅದೂ ಇಲ್ಲ. 60 ಮನೆ, ಎರಡೆರಡು ಗೀಸರ್, ಒಂದೊಂದು 2 ಕಿಲೋವ್ಯಾಟ್. ಎಲ್ಲ ಒಟ್ಟಿಗೆ ಬಿದ್ದರೆ ಅದೇ 240 ಆಯಿತು.

ಅಷ್ಟೆಲ್ಲ ಆದರೂ 500 ಕೆವಿಎ (ಹೆಚ್ಚುಕಡಿಮೆ ಕಿಲೋವ್ಯಾಟ್ ಲೆಕ್ಕವೇ ಅನ್ನಿ) ಟ್ರಾನ್ಸ್‌ಫಾರ್ಮರ್ ಅವತ್ತು ಅರ್ಧ ತುಂಬಲಿಲ್ಲ. ನಮ್ಮ ಅಂಕಿ ಜಾಸ್ತಿಯೇ ಆಗಿತ್ತು. ಇರಲಿ ಬಿಡಿ, ದೊಡ್ಡದಿದ್ದರೆ ನಷ್ಟವೇನು ಅನ್ನಬಹುದು. ಲೋಡ್ ಇರಲಿ ಬಿಡಲಿ, ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಕೋರ್ ದಿನದ 24 ಗಂಟೆಯೂ ಒಂದಿಷ್ಟು ಕರೆಂಟ್ ತಿನ್ನುತ್ತಲೇ ಇರುತ್ತದೆ. ಅದರ ಬಿಲ್ಲನ್ನು ಅಲ್ಲಿ ವಾಸ ಮಾಡುವವರೇ ಕಟ್ಟಬೇಕು. ಆಮೇಲೆ ನಾನು ಅಂಕಿ ಇಳಿಸಲು ಶುರು ಮಾಡಿದೆ. ಅಷ್ಟರಲ್ಲಿ ಎಲೆಕ್ಟ್ರಿಕ್ ಕಾರು ಬಂತು, ಲೆಕ್ಕ ಮತ್ತೆ ತಲೆಕೆಳಗಾಯಿತು. 2019ರಲ್ಲಿ ಕೇಂದ್ರದ ಮಾದರಿ ಕಟ್ಟಡ ಬೈಲಾಗೆ ತಿದ್ದುಪಡಿ ಬಂದು, ಪಾರ್ಕಿಂಗ್‌ನ 20 ಪರ್ಸೆಂಟ್ ಚಾರ್ಜಿಂಗ್‌ಗೆ ಅಂತ ಆಯಿತು. ಗೀಸರ್ ಕಾಲು ಗಂಟೆ ಉರಿದು ಆರುತ್ತದೆ. 7.4 ಕಿಲೋವ್ಯಾಟಿನ ಕಾರ್ ಚಾರ್ಜರ್ ಹಾಗಲ್ಲ. ಎಲ್ಲರೂ ರಾತ್ರಿ ಎಂಟಕ್ಕೆ ಬಂದು ಚುಚ್ಚಿದರೆ ಗಂಟೆಗಟ್ಟಲೆ ಎಳೆಯುತ್ತದೆ. ಅಲ್ಲಿ ಅರ್ಧ ಅನ್ನುವ ಅಂಕಿ ನಡೆಯುವುದಿಲ್ಲ. ಚಾರ್ಜರ್‌ಗಳು ಸರದಿಯಲ್ಲಿ ನಡೆಯುವ ಹಾಗೆ ಕಂಟ್ರೋಲ್ ಹಾಕುತ್ತಿದ್ದೇವೆ. ಇನ್ನೂ ಕಲಿಯುತ್ತಿದ್ದೇನೆ.

ಲೈಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ ಲಕ್ಸ್, ಅಂದರೆ ಬೆಳಕಿನ ಅಳತೆ, ಬರುತ್ತದೆ, ಕ್ಯಾಟಲಾಗ್ ಇದೆ. ಅದನ್ನು ಮಾಡುವವರು ನನಗಿಂತ ಚೆನ್ನಾಗಿ ಮಾಡುತ್ತಾರೆ.

ಜಗಳದ ಜಾಗಗಳನ್ನು ಮಾತ್ರ ಹೇಳುತ್ತೇನೆ, ಯಾಕೆಂದರೆ ಸಂಬಳ ಬರುವುದು ಅದಕ್ಕೇ. ಪ್ಯಾನೆಲ್ ರೂಮಿನ ಮೇಲೆ ಟಾಯ್ಲೆಟ್ ಬರಬಾರದು. ಇದನ್ನು ಪ್ರತಿ ಪ್ರಾಜೆಕ್ಟಿನಲ್ಲೂ ಹೇಳಬೇಕು, ಪ್ರತಿ ಪ್ರಾಜೆಕ್ಟಿನಲ್ಲೂ ಯಾರೋ ತಂದಿಡುತ್ತಾರೆ. ಮೇನ್ ಪ್ಯಾನೆಲ್ ಅತಿ ಕೆಳಗಿನ ಬೇಸ್‌ಮೆಂಟಿಗೆ ಹೋಗಬಾರದು. 2022ರ ಸೆಪ್ಟೆಂಬರ್ ಮಳೆಗೆ ಮುಂಚೆ ಇದಕ್ಕೆ ಒಪ್ಪಿಸಲು ಸಾಕಾಗಿ ಹೋಗುತ್ತಿತ್ತು. ಹೊರವರ್ತುಲ ರಸ್ತೆ ಕಡೆ ಬೇಸ್‌ಮೆಂಟ್‌ಗಳು ತುಂಬಿ, ನೀರು ಹೊರಗೆ ಹಾಕುವ ಪಂಪಿಗೇ ಕರೆಂಟ್ ಇಲ್ಲದ ಸ್ಥಿತಿ ನೋಡಿದ ಮೇಲೆ ಒಂದೇ ಮೀಟಿಂಗಿನಲ್ಲಿ ಒಪ್ಪುತ್ತಾರೆ. ಈ ಎರಡನ್ನೂ ಪ್ಲ್ಯಾನ್ ಅಂತಿಮ ಆಗುವ ಮುಂಚೆ ಕೇಳಬೇಕು. ಆಮೇಲೆ ಕೇಳಿದರೆ ಎಲ್ಲರೂ ಪಾಪ ಅನ್ನುತ್ತಾರೆ, ಯಾರೂ ಗೋಡೆ ಸರಿಸುವುದಿಲ್ಲ. ಈ ಕೆಲಸಕ್ಕೆ ಬರುವ ಹುಡುಗರು ಹುಡುಗಿಯರು ಕಟ್ಟಡದ ಡ್ರಾಯಿಂಗ್ ಮಾಡುವ ರೆವಿಟ್ ಸಾಫ್ಟ್‌ವೇರ್ ಕಲಿತುಕೊಂಡು ಬರುತ್ತಾರೆ, ಒಳ್ಳೆಯದು. ಜೊತೆಗೆ ಆರು ತಿಂಗಳು ಪ್ಯಾನೆಲ್ ಫ್ಯಾಕ್ಟರಿಯಲ್ಲೋ ಸೈಟಿನಲ್ಲೋ ಕೈ ಕೊಳೆ ಮಾಡಿಕೊಂಡು ಬಂದವರನ್ನು ಕಂಡರೆ ನಾನು ಇಂಟರ್‌ವ್ಯೂ ಬೇಗ ಮುಗಿಸುತ್ತೇನೆ.

ಹೋದ ವರ್ಷ ಚಿಕ್ಕಪ್ಪ ಕಣ್ಣಿನ ಆಪರೇಷನ್‌ಗೆ ಬೆಂಗಳೂರಿಗೆ ಬಂದಿದ್ದರು. ವಾಪಸ್ ಹೋಗುವ ಮುಂಚೆ ನನ್ನ ಒಂದು ಸೈಟಿಗೆ ಕರೆದುಕೊಂಡು ಹೋದೆ. ಹನ್ನೆರಡು ಮಹಡಿ, ಎರಡು ಟ್ರಾನ್ಸ್‌ಫಾರ್ಮರ್. ವಿದ್ಯುತ್ ಪರಿವೀಕ್ಷಣಾಲಯದವರು ಬಂದು ನೋಡುವುದು ಬಾಕಿ ಇತ್ತು, ಕರೆಂಟ್ ಇನ್ನೂ ಕೊಟ್ಟಿರಲಿಲ್ಲ. ಲಾಬಿ ತೋರಿಸಿದೆ, ತಲೆ ಆಡಿಸಿದರು. ಪ್ಯಾನೆಲ್ ರೂಮಿಗೆ ಬಂದಾಗ ಏನೂ ಕೇಳದೆ ಸೀದಾ ಹಿಂದಕ್ಕೆ ನಡೆದರು. ಗೋಡೆಗೂ ಪ್ಯಾನೆಲ್‌ಗೂ ನಡುವೆ ನಿಂತು ಎರಡೂ ಮೊಣಕೈ ಅಗಲ ಮಾಡಿದರು. ಒಂದು ಸುತ್ತು ತಿರುಗಿದರು. ಆ ಕೊನೆಯಿಂದ ಹೊರಗೆ ಬಂದರು.

"ಹೆಂಗಿದೆ ಚಿಕ್ಕಪ್ಪ?" ಅಂದೆ.

"ಜಾಗ ಬಿಟ್ಟಿದ್ದೀಯ. ಲೈಟ್ ಎಲ್ಲಾನೂ ಮುಂದೆ ಹಾಕ್ಸಿದ್ದೀಯಲ್ಲ ಪುಟ್ಟಿ, ಹಿಂದೆ ನಿಂತೋನು ಏನು ಕಾಣ್ತಾನೆ?"

ಹೋಗಿ ನೋಡಿದೆ. ಪ್ಯಾನೆಲ್‌ನ ನೆರಳು ಪೂರ್ತಿ ಆ ಮುಕ್ಕಾಲು ಮೀಟರಿನ ಮೇಲೇ ಬಿದ್ದಿತ್ತು. ಅವತ್ತೇ ಸಂಜೆ ಹಿಂದಿನ ಗೋಡೆಗೆ ಎರಡು ಬ್ಯಾಟನ್ ಲೈಟ್, ಒಂದು ಎಮರ್ಜೆನ್ಸಿ ಲೈಟ್ ಸೇರಿಸಿ ಡ್ರಾಯಿಂಗ್ ಕಳಿಸಿದೆ. ಅದು ಐದನೇ ರಿವಿಷನ್. ಎಲೆಕ್ಟ್ರಿಷಿಯನ್ ಫೋನ್ ಮಾಡಿ, "ಮೇಡಂ, ಹಿಂದೆ ಲೈಟ್ ಯಾಕೆ, ಅಲ್ಲಿಗೆ ಯಾರು ಹೋಗ್ತಾರೆ?" ಅಂದ. "ನೀನೇ ಕಣಪ್ಪ" ಅಂದೆ.